ಹೂಂ ಅನ್ನುವ ಕಲೆ

ಪಕ್ಕದ ಮೇಜಿನ ಮೇಡಂ ಫೋನಿನಲ್ಲಿ ಒಂದು ಸಲ "ಹೂಂ" ಅಂದರೆ ಸಾಕು, ಅತ್ತ ಕಡೆ ಕೂಗಾಡುತ್ತಿದ್ದವರು ತಣ್ಣಗಾಗುತ್ತಿದ್ದರು. ಅರ್ಜೆಂಟಪ್ಪನ ಹೊಟ್ಟೆ ಉರಿಯುತ್ತಿದ್ದುದು ಅದಕ್ಕೇ. ಗಿರಾಕಿ ಬಾಯಿ ತೆರೆಯುವಷ್ಟರಲ್ಲಿ "ಗೊತ್ತಾಯ್ತು ಬಿಡಿ" ಅನ್ನುವ ಆಸಾಮಿಗೆ ಕಚೇರಿಯವರೇ ಇಟ್ಟ ಹೆಸರದು.

ಬಟ್ಟೆ ಒಗೆಯುವ ಮೆಷಿನ್ನು ಮಾರುವ ಕಂಪನಿ. ದೂರುಗಳಿಗೆಲ್ಲ ಈಗ ಕಂಪ್ಯೂಟರೇ ಉತ್ತರ ಹೇಳುತ್ತಿತ್ತು. ಅದಕ್ಕೆ ಬಗ್ಗದ ಗಿರಾಕಿಗಳು ಮಾತ್ರ ಇವರಿಬ್ಬರ ಪಾಲಿಗೆ. ಅಷ್ಟಕ್ಕೆ ಒಬ್ಬರು ಸಾಕು, ಇನ್ನೊಬ್ಬರು ಗೋದಾಮಿಗೆ ಎಂದು ಮ್ಯಾನೇಜರ್ ತೀರ್ಮಾನಿಸಿದ್ದರು.

"ಕಂಪ್ಯೂಟರ್ ಮಾತಾಡುತ್ತೆ, ಕೇಳಿಸ್ಕೊಳ್ಳೋಕೆ ಮನುಷ್ಯರೇ ಬೇಕು," ಎಂದರು ಬೆಳಿಗ್ಗೆ. "ಕಣ್ಣು ಮುಚ್ಚಿ ಯೋಚ್ನೆ ಮಾಡಿ. ನಿನ್ನೆ ಯಾರ ಮಾತನ್ನ ಪೂರ್ತಿ ಕೇಳಿದ್ರಿ? ಯಾರು ಉಳೀತಾರೆ ಅಂತ ಸಂಜೆ ಹೇಳ್ತೀನಿ."

ಅರ್ಜೆಂಟಪ್ಪ ಕಣ್ಣು ಮುಚ್ಚಿದ. ಒಳಗೆ ಕಂಡದ್ದು ಮೇಡಂ ಮುಖ. ಈಕೆ ಅದೇನು ಕೇಳಿಸಿಕೊಳ್ಳುತ್ತಾಳೋ ದೇವರಿಗೇ ಗೊತ್ತು. ಆ ಹೂಂ ಒಂದನ್ನು ಕದ್ದರೆ ಸಾಕು.

ಮೊದಲ ಕರೆಗೇ ಶುರು ಮಾಡಿದ. ಹಿಂಡಿ ಕಂಡ ಎಮ್ಮೆಯಂತೆ, "ಹೂಂ..."

"ಹಾಗಾದ್ರೆ ಹೊಸ ಮೆಷಿನ್ನೇ ಕೊಡ್ತೀರಾ ಮಗಾ?"

"ಹೂಂ..."

"ನಾಳೆನೇ?"

"ಹೂಂ..."

ಅತ್ತ ಕಡೆಯ ಅಜ್ಜಿ ಆನಂದದಿಂದ ಅತ್ತೇಬಿಟ್ಟಳು.

ಊಟದ ಹೊತ್ತಿಗೆ ಹೂಂ ಪಳಗಿತ್ತು. ನಿಲ್ಲಿಸಲು ಆಗದಷ್ಟು ಪಳಗಿತ್ತು. "ಭಾನುವಾರ ನಮ್ಮನೆ ಸಾಮಾನು ಸಾಗಿಸೋಕೆ ಬರ್ತೀಯಾ ಅಣ್ಣ?" ಎಂದ ಕ್ಯಾಶಿಯರ್. ಹೂಂ. "ನಾವು ಊರಿಂದ ಬರೋವರೆಗೂ ನಾಯಿಮರಿ ಇಟ್ಕೋತೀರಾ?" ಎಂದಳು ಟೈಪಿಸ್ಟ್. ಹೂಂ.

ಮೇಡಂ ಅವನತ್ತ ತಿರುಗಿ ಮೆಲ್ಲಗೆ ಕೇಳಿದಳು, "ಹೊಟ್ಟೆನೋವಾ ಅಣ್ಣ?"

"ಹೂಂ..."

ಸಂಜೆ ಮ್ಯಾನೇಜರ್ ಅವನ ಬೆನ್ನು ತಟ್ಟಿದರು. "ನಿಮ್ಮ ಹೂಂ ಮುಂದೆ ಮೇಡಂದು ಏನೂ ಅಲ್ಲ ಕಣ್ರೀ!"

ಅರ್ಜೆಂಟಪ್ಪ ಕೂತಲ್ಲೇ ಉಬ್ಬಿದ. ಮೇಡಂ ಕಡೆ ಓರೆಗಣ್ಣಿಂದ ನೋಡಿದ.

"ಮಧ್ಯಾಹ್ನವೇ ಅದನ್ನ ರೆಕಾರ್ಡ್ ಮಾಡಿಸಿ ಕಂಪ್ಯೂಟರ್ ಬಾಯಿಗೆ ಹಾಕಿಸ್ಬಿಟ್ಟೆ. ಗಿರಾಕಿಗಳು ಕರಗಿ ಹೋಗ್ತಿದ್ದಾರೆ! ಅದು ಏನೇನಕ್ಕೆ ಹೂಂ ಅಂದುಬಿಡುತ್ತೋ, ಸಂಭಾಳಿಸೋಕೆ ಮೇಡಂ ಇರ್ತಾರೆ. ನೀವು ನಾಳೆಯಿಂದ ಗೋದಾಮಿಗೆ. ಆಗಬಹುದಾ?"

ಬಾಯಿ ರೂಢಿ ಬಿಡಲಿಲ್ಲ. "ಹೂಂ..."

ಮನೆಯಲ್ಲಿ ಹೆಂಡತಿಯ ಮುಖ ಎಂದೂ ಇಲ್ಲದಷ್ಟು ಅರಳಿತ್ತು.

"ರೀ, ನಮ್ಮ ಮೆಷಿನ್ ಕೆಟ್ಟಿತ್ತಲ್ಲ, ಸಂಜೆ ನಿಮ್ಮ ಆಫೀಸಿಗೇ ಫೋನ್ ಮಾಡಿದ್ದೆ. ಯಾರೋ ಒಬ್ರು ಎತ್ಕೊಂಡ್ರು. ಮೆಷಿನ್ ಕತೆ ಮುಗಿಸಿ ನಿಮ್ಮ ಕತೆನೂ ಹೇಳ್ಕೊಂಡೆ. ಒಂದೇ ಒಂದು ಅಡ್ಡಮಾತಿಲ್ಲ. ಆಹಾ, ಏನು ಹೂಂ ಅಂತೀರಿ ಅವರದು!"

"ಅದು ನಂದು ಕಣೇ! ನನ್ನ ಹೂಂ!"

"ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಕು ರೀ. ಮದುವೆಯಾದಾಗಿಂದ ನಿಮ್ಮ ಬಾಯಲ್ಲಿ ಅಂಥದ್ದು ಒಂದ್ಸಲನಾದ್ರೂ ಕೇಳಿದೀನಾ?"

ಅವಳು ಮತ್ತೆ ಅದೇ ನಂಬರ್ ಒತ್ತಿ, ಫೋನ್ ಹಿಡಿದು ಒಳಗೆ ಹೋಗಿ ಕದ ಹಾಕಿಕೊಂಡಳು. ಅರ್ಜೆಂಟಪ್ಪ ಕದಕ್ಕೆ ಕಿವಿಯಿಟ್ಟು, ಅತ್ತ ಕಡೆ ಹೂಂಗುಟ್ಟುತ್ತಿದ್ದವನನ್ನು ಮನಸಾರೆ ಶಪಿಸಿದ.