ಬಿಸಿಲು ಹತ್ತದ ಕಣ್ಣು

ನಲವತ್ತು ದಾಟಿದ ಗಂಡಸು ಚಂದ ಕಾಣಬೇಕೆಂದು ಆಸೆಪಟ್ಟರೆ ಅದನ್ನು ಯಾರಿಗೂ ಹೇಳಬಾರದು. ಅದಕ್ಕೊಂದು ಆರೋಗ್ಯದ ಕಾರಣ ಹುಡುಕಬೇಕು. ಬೆಲ್ಲದ ಬಾಗೇವಾಡಿಯಲ್ಲಿ ಮಾಸ್ತರಿಕೆ ಮಾಡುತ್ತ, ದಪ್ಪ ಗಾಜಿನ ಕನ್ನಡಕ ಹೊತ್ತು ಮೂಗೇ ತಗ್ಗುಬಿದ್ದಿದ್ದ ನಾನು ಕೊನೆಗೂ ಕಾಂಟ್ಯಾಕ್ಟ್ ಲೆನ್ಸ್ ಹಾಕಿಸಿಕೊಂಡೆ. ಹೆಂಡತಿ ಪದ್ಮಾ ಹುಬ್ಬೇರಿಸಿದಳು. "ಚಂದಕ್ಕಲ್ಲ ಮಾರಾಯ್ತಿ, ಇದು ಬಿಸಿಲಿನ ಅಲ್ಟ್ರಾವಯೊಲೆಟ್ ಕಿರಣ ತಡೀತೈತಿ!" ಎಂದೆ.

ಸುಳ್ಳೇನಲ್ಲ, ಅರ್ಧ ಸತ್ಯ. ಘಟಪ್ರಭಾದ ಕಣ್ಣಿನ ಡಾಕ್ಟರು ಹೇಳಿದ್ದು ಇಷ್ಟು: "ಮಾಸ್ತರ್, ಈ ಲೆನ್ಸ್ ಆ ಕಿರಣ ತಡೀತೈತಿ, ಖರೆ. ಆದ್ರ ಇದು ಮುಚ್ಚೂದು ಕರೀಗುಡ್ಡಿ ಅಷ್ಟ. ಬಿಳಿ ಭಾಗ, ರೆಪ್ಪಿ ಎಲ್ಲಾ ಬಿಸಿಲಿಗೇ ಇರ್ತಾವು. ನಿಮ್ಮ ಬಲಗಣ್ಣಿನ ಬಿಳಿ ಒಳಗ ದುರ್ಮಾಂಸ ಬೆಳ್ಯಾಕತ್ತೈತಿ. ಬಿಸಿಲಿಗೆ ಹೋದ್ರ ಕರೀ ಕನ್ನಡಕ, ಟೊಪಗಿ ಬೇಕ ಬೇಕು. ಅದು ಗುಡ್ಡಿ ಮ್ಯಾಲ ಬಂತಂದ್ರ ಆಪರೇಶನ್ನ." ಚೀಟಿಯಲ್ಲೂ ಬರೆದುಕೊಟ್ಟರು. ಕನ್ನಡಕ ಇಳಿಸಲು ಹೋದವನಿಗೆ ಇನ್ನೊಂದು ಕನ್ನಡಕವೇ? ಥತ್! ಆ ಅರ್ಧವನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ.

ಬೇಸಿಗೆ ರಜೆ ಬಂತು, ಹಪ್ಪಳದ ಕಾಲವೂ ಬಂತು. ಮಾಳಿಗೆಯ ಮೇಲೆ ಹರವಿದ ಹಪ್ಪಳಕ್ಕೆ ಕಾಗೆ ಕಾಯಲು ಪ್ರತಿವರ್ಷ ಮನೆಯವರೆಲ್ಲ ಪಾಳಿ ಹಾಕುತ್ತಿದ್ದೆವು. ಈ ಸಲ ಪದ್ಮಾ ಕೋಲನ್ನು ನನ್ನ ಕೈಗೇ ಕೊಟ್ಟಳು. "ನಿಮ್ಮ ಕಣ್ಣಿಗೆ ಬಿಸಲ ಹತ್ತೂದಿಲ್ಲಲ್ರಿ." ಜೊತೆಗೆ ಛತ್ರಿಯನ್ನೂ ಚಾಚಿದಳು. ಜಂಭ ನೋಡಿ, ಬೇಡವೆಂದೆ! ಸುದ್ದಿ ಓಣಿಗೆಲ್ಲ ಹಬ್ಬಿತು. ಪಕ್ಕದ ಮನೆಯ ಗಂಗಕ್ಕ ಮೊರದ ತುಂಬ ಮೆಣಸಿನಕಾಯಿ ಹೊತ್ತು ಮೆಟ್ಟಿಲೇರಿ ಬಂದಳು. "ಮಾಸ್ತರ್, ಹೆಂಗೂ ಕುಂತೇ ಇರ್ತೀರಿ, ಇದರ ಮ್ಯಾಲೂ ಒಂದ ಕಣ್ಣಿರ್ಲಿ." ಅವಳ ಹಿಂದೆಯೇ ಇಡೀ ಓಣಿಯ ಸಂಡಿಗೆ, ಶಾವಿಗೆ ಬಂದವು. ಮಕ್ಕಳಿಗೆ ಪಾಠ ಹೇಳಬೇಕಾದವನು ಕಾಗೆಗಳಿಗೆ ಬೈಯುತ್ತ ಕೂತೆ. ನನಗೆ ಬೇಕಿತ್ತೇ ಈ ಉಸಾಬರಿ?

ಐದನೆಯ ದಿನ ಬಲಗಣ್ಣು ಕೆಂಡದಂತೆ ಕೆಂಪಾಯಿತು. ಹೆದರಿ ಕೆಳಗಿಳಿದು, ಕೈ ತೊಳೆದು ಲೆನ್ಸ್ ತೆಗೆದಿಟ್ಟು, ದುರ್ಮಾಂಸದಿಂದ ಟೊಪ್ಪಿಗೆಯವರೆಗೆ ಎಲ್ಲವನ್ನೂ ಪದ್ಮಾಳ ಮುಂದೆ ಒಪ್ಪಿಕೊಂಡೆ. ಅವಳು ಕಪಾಟಿನಿಂದ ಒಂದು ದೊಡ್ಡ ಕರೀ ಕನ್ನಡಕ ತೆಗೆದು ಮುಂದಿಟ್ಟಳು. "ಅಂಗಿ ಒಗಿಯೂ ಮುಂದ ಕಿಸೆದಾಗ ಡಾಕ್ಟರ ಚೀಟಿ ಸಿಕ್ಕಿತ್ತು. ಅವತ್ತ ತರಿಸಿಟ್ಟೇನಿ. ನೀವ ಬಾಯಿ ಬಿಡ್ತೀರೇನಂತ ನೋಡಾಕತ್ತಿದ್ದೆ. ಛತ್ರಿನೂ ಒಲ್ಲೆ ಅಂದ್ರಿ!" ಬೈಯುತ್ತಿದ್ದವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಡಾಕ್ಟರು ಕಣ್ಣಿಗೆ ಔಷಧಿ ಹಾಕಿ, ಎಂಟು ದಿನ ಬಿಟ್ಟು ಮತ್ತೆ ಲೆನ್ಸ್ ಹಾಕಲು ಒಪ್ಪಿದರು. ಆ ಎಂಟು ದಿನ ಕಳೆದ ಮೇಲೆ ಲೆನ್ಸ್ ಹಾಕಿ, ಅದರ ಮೇಲೆ ಅರ್ಧ ಮುಖ ಮುಚ್ಚುವ ಕರೀ ಕನ್ನಡಕ ಏರಿಸಿ, ಟೊಪ್ಪಿಗೆ ಇಟ್ಟು ಹೊಸಿಲು ದಾಟಿದೆ. ಗಂಗಕ್ಕ ಎದುರಾಗಿ, "ಅಯ್ಯ ಶಿವನ! ಇಷ್ಟ ಲಗೂ ಮೋತಿಬಿಂದು ಬಂತೇನ್ರಿ ಮಾಸ್ತರ್? ಪೊರಿ ತಗಿಯೂ ಆಪರೇಶನ್ ಆತೇನು?" ಎಂದು ಮರುಗಿದಳು. ಅವಳ ಕಂಕುಳಲ್ಲಿ ಮತ್ತೊಂದು ಮೊರ ಮೆಣಸಿನಕಾಯಿ ಇತ್ತು.

"ಹೌದವ್ವಾ, ಆತು," ಎಂದೆ.