ಬೀರುವಿನ ಹಿಂದಿನ ಬಿರುಕು

ಪಾಲಿಶಪ್ಪನ ಹೆಂಡತಿ ಮದುವೆಯಾದ ಮೂರನೆಯ ತಿಂಗಳಲ್ಲಿ ಮೊದಲ ಬಾರಿಗೆ ದೂರು ಹೇಳಿದ್ದು ಅತ್ತೆಯ ಮೇಲಲ್ಲ, ನಾದಿನಿಯ ಮೇಲೂ ಅಲ್ಲ. ಅಡುಗೆಮನೆಯ ಗೋಡೆಯ ಮೇಲೆ.

"ರೀ, ಇಲ್ಲೊಂದು ಬಿರುಕಿದೆ ನೋಡಿ."

ಆಗ ಅದು ಕೂದಲೆಳೆಯಷ್ಟಿತ್ತು. ಪಾಲಿಶಪ್ಪ ನೋಡಿದ, ತಲೆಯಾಡಿಸಿದ, ಸಂಜೆಯೊಳಗೆ ಅದರ ಮೇಲೊಂದು ಕ್ಯಾಲೆಂಡರ್ ತೂಗುಹಾಕಿದ. ಎರಡು ವರ್ಷದ ನಂತರ ಬಿರುಕು ಕ್ಯಾಲೆಂಡರಿನ ಕೆಳಗಿನಿಂದ ಇಣುಕಿತು, ನಿಲುವುಗನ್ನಡಿ ಬಂತು. ಕನ್ನಡಿಯನ್ನೂ ದಾಟಿ ಆಚೆ ಹೋದಾಗ ಎರಡು ಬಾಗಿಲಿನ ಮರದ ಬೀರು ಬಂತು. ಬೇರೆಯವರ ಮನೆಯಲ್ಲಿ ಮಕ್ಕಳು ಬೆಳೆದ ಹಾಗೆಲ್ಲ ದೊಡ್ಡ ಅಳತೆಯ ಬಟ್ಟೆ ತರುತ್ತಾರೆ. ಇವರ ಮನೆಯಲ್ಲಿ ಬಿರುಕು ಬೆಳೆದ ಹಾಗೆಲ್ಲ ದೊಡ್ಡ ಅಳತೆಯ ಸಾಮಾನು ತಂದರು. (ಅಡುಗೆಮನೆಯಲ್ಲಿ ಬಟ್ಟೆಯ ಬೀರು ಯಾಕೆ ಎಂದು ಬಂದವರು ಕೇಳಿದರೆ "ಇಲ್ಲಾದ್ರೆ ತೇವ ಹಿಡಿಯಲ್ಲ" ಎನ್ನುತ್ತಿದ್ದ. ಹೌದು, ತೇವ ಹಿಡಿಯಲಿಲ್ಲ. ಈರುಳ್ಳಿಯ ವಾಸನೆ ಹಿಡಿಯಿತು. ಆ ಓಣಿಯಲ್ಲಿ ಕಣ್ಣು ಮುಚ್ಚಿಕೊಂಡು ನಿಂತರೂ ಪಾಲಿಶಪ್ಪ ಬಂದದ್ದು ಗೊತ್ತಾಗುತ್ತಿತ್ತು.)

ಹಳೆಯ ಕುರ್ಚಿ, ಮೇಜು, ಮಂಚಗಳನ್ನು ಕೊಂಡು, ಹೊಸದೆನ್ನುವಂತೆ ಮಾಡಿ ಮಾರುವುದು ಅವನ ಕಸುಬು. ಹುಳು ತಿಂದ ತೂತಿಗೆ ಅಂಟಿನಲ್ಲಿ ಮರದ ಪುಡಿ ಕಲಸಿ ತುಂಬಬೇಕು, ಉಪ್ಪುಕಾಗದದಲ್ಲಿ ಉಜ್ಜಬೇಕು, ಮೇಲೆ ಮೂರು ಕೈ ಪಾಲಿಶ್ ಕೊಡಬೇಕು. ಆಮೇಲೆ ತೂತು ಎಲ್ಲಿತ್ತೆಂದು ಆ ಹುಳುವನ್ನೇ ಕರೆತಂದು ಕೇಳಿದರೂ ಹೇಳಲಾರದು. ಓಣಿಯವರು ಇಟ್ಟ ಹೆಸರು ಹೀಗೆ ಬಂದದ್ದು. ವ್ಯಾಪಾರದಲ್ಲಿ ಅವನದು ಒಂದೇ ಸೂತ್ರ: ಚೆನ್ನಾಗಿರುವ ಮಗ್ಗುಲು ಗಿರಾಕಿಯ ಕಡೆ, ಉಳಿದದ್ದು ಗೋಡೆಯ ಕಡೆ. ಅದೇ ಸೂತ್ರದಲ್ಲಿ ಅಂಗಡಿಯೂ ನಡೆಯಿತು, ಸಂಸಾರವೂ ನಡೆಯಿತು.

ಅಂಗಡಿ ಮುಂದಿನ ಕೋಣೆ, ಮನೆ ಹಿಂದಿನ ಎರಡು ಕೋಣೆ, ಎಲ್ಲವೂ ಬಾಡಿಗೆಯದು. ಹಳೆಯ ಗೋದಾಮುಗಳ ಬೆನ್ನಿಗೆ ಅಂಟಿಕೊಂಡಿದ್ದ ಆ ಓಣಿಯನ್ನು ಊರು ಯಾವತ್ತೋ ಮರೆತಿತ್ತು. ಕಸದ ಗಾಡಿ ಮರೆತಿತ್ತು, ದೀಪದ ಕಂಬದವರು ಮರೆತಿದ್ದರು, ಸೂರ್ಯ ಕೂಡ ಮಧ್ಯಾಹ್ನ ಹತ್ತು ನಿಮಿಷ ಬಂದು ಸಹಿ ಹಾಕಿ ಹೋಗುತ್ತಿದ್ದ. ಆದರೆ ಮರೆತವರ ಪಟ್ಟಿಯಲ್ಲಿ ಮನೆಯ ಮಾಲೀಕನೂ ಇದ್ದದ್ದರಿಂದ ಯಾರಿಗೂ ಬೇಸರವಿರಲಿಲ್ಲ. ಆತ ಹನ್ನೊಂದು ವರ್ಷದಿಂದ ಈ ಕಡೆ ತಲೆ ಹಾಕಿರಲಿಲ್ಲ. ಕೊನೆಯ ಸಲ ಬಂದಿದ್ದಾಗ ಮೇಲಿನಿಂದ ಒಂದು ಹಂಚು ಬಿದ್ದು, ತಲೆ ತಪ್ಪಿ ಹೆಗಲಿಗೆ ತಗುಲಿತ್ತು.

ಇಂಥ ಓಣಿಗೆ ಒಂದು ದಿನ ಪುನರಭಿವೃದ್ಧಿ ಬಂತು. ಮೊದಲನೆಯ ಅಭಿವೃದ್ಧಿಯೇ ಆಗದ ಕಡೆಗೆ ಎರಡನೆಯದು ನೇರವಾಗಿ ಹೇಗೆ ಬಂತೆಂದು ಪಾಲಿಶಪ್ಪನಿಗೆ ಅರ್ಥವಾಗಲಿಲ್ಲ. ಸುದ್ದಿ ತಂದವನು ಪಕ್ಕದ ಮನೆಯ ದರ್ಜಿ. ಕೊರಳಿನ ಟೇಪನ್ನು ಸ್ನಾನಕ್ಕೂ ತೆಗೆಯದವನು.

"ಪ್ರತಿ ಮನೆನೂ ಪರೀಕ್ಷೆ ಮಾಡ್ತಾರಂತೆ ಅಣ್ಣ. ಕೆಟ್ಟಿದ್ರೆ ಬಾಗಿಲ ಮೇಲೆ ಕೆಂಪು ಗುರುತು, ಗಟ್ಟಿಯಿದ್ರೆ ಹಸಿರು. ಕೆಂಪು ಬಿದ್ದಿದ್ದನ್ನೆಲ್ಲ ಕೆಡವ್ತಾರಂತೆ."

"ಕೆಡವಿದ್ರೆ ನಾವೆಲ್ಲಿಗೆ ಹೋಗೋದು?"

"ಅದು ಗೊತ್ತಿಲ್ಲ. ನನ್ನದು ಬಿಡಿ, ಪರೀಕ್ಷೆ ತನಕ ನಿಂತಿದ್ರೆ ಸಾಕು."

ದರ್ಜಿ ಹೋದ ಮೇಲೆ ಹೆಂಡತಿ ಪಾತ್ರೆ ಒರೆಸುತ್ತಲೇ ಹೇಳಿದಳು: "ಒಂದು ಕೆಲಸ ಮಾಡಿ. ಅವರ ಆಫೀಸು ಎರಡು ಬೀದಿ ಆಚೆನೇ ಇರೋದು. ಕೆಂಪಾದ್ರೆ ಏನು ಕೊಡ್ತಾರೆ, ಹಸಿರಾದ್ರೆ ಏನು ಕೊಡ್ತಾರೆ, ಕೇಳ್ಕೊಂಡು ಬನ್ನಿ."

"ನಿಮಗೆಂಥದು ಬೇಕು ಅಂತ ಗಿರಾಕಿ ಮನೆಗೇ ಹೋಗಿ ಕೇಳಿದ್ರೆ ನನ್ನ ಮಾಲಿಗೇನು ಬೆಲೆ?"

"ಅವರು ಗಿರಾಕಿ ಅಲ್ಲ. ನಮ್ಮದು ಮಾಲೂ ಅಲ್ಲ. ಬಾಡಿಗೆ ಮನೆ."

"ನೋಡೋಕೆ ಬರೋರೆಲ್ಲ ಗಿರಾಕಿನೇ ಕಣೆ."

"ಹಾಗಾದ್ರೆ ಈ ಸಲ ಬೀರು ಸರಿಸಿ ಬಿರುಕು ತೋರಿಸಿ. ಮೂವತ್ತೊಂದು ವರ್ಷದಿಂದ ನನಗೊಬ್ಬಳಿಗೇ ಕಾಣಿಸ್ತಿರೋದು. ಇನ್ನೊಬ್ಬರಿಗೂ ಕಾಣಲಿ."

ತೋರಿಸುವುದೇ? ಮಂಚದ ಮುರಿದ ಕಾಲನ್ನು ಯಾರಾದರೂ ಗಿರಾಕಿಯ ಮುಂದೆ ಎತ್ತಿ ಹಿಡಿಯುತ್ತಾರೆಯೇ? ಪಾಲಿಶಪ್ಪ ಅಂಗಡಿಯ ಬಾಗಿಲು ಎಳೆದುಕೊಂಡು ಹದಿನಾರು ದಿನ ಮನೆಯ ದುರಸ್ತಿಗೆ ಬಿದ್ದ. ಬಾಗಿಲು, ಕಿಟಕಿ, ತೊಲೆ, ಒಂದನ್ನೂ ಬಿಡಲಿಲ್ಲ. ಸೋರುತ್ತಿದ್ದ ಮೂಲೆಗೆ ಡಾಂಬರು, ಮೇಲೆ ಸುಣ್ಣ. ಕೊನೆಗೆ ಬೀರು ಸರಿಸಿದ. ಬಿರುಕು ಈಗ ಸೂರಿನಿಂದ ನೆಲದವರೆಗೆ ಇಳಿದು, ನಡುವೆ ಎರಡು ಕವಲಾಗಿತ್ತು. ಕೈ ಇಟ್ಟರೆ ನಾಲ್ಕು ಬೆರಳು ಹೋಗುತ್ತಿತ್ತು, ಕಿವಿ ಇಟ್ಟರೆ ದರ್ಜಿಯ ಯಂತ್ರ ಕೇಳಿಸುತ್ತಿತ್ತು. ಎದುರಾಳಿಯನ್ನು ಕಂಡ ಪೈಲ್ವಾನನಂತೆ ಅವನು ತೋಳೇರಿಸಿದ. ಸಿಮೆಂಟು, ಇಟ್ಟಿಗೆ ಚೂರು, ಮರದ ಪುಡಿ, ಅಂಟು. ತುಂಬಿದ, ಉಜ್ಜಿದ, ಮತ್ತೆ ತುಂಬಿದ. ಬಣ್ಣ ಹೊಸದೆಂದು ತಿಳಿಯಬಾರದೆಂದು ಅದಕ್ಕೊಂದಿಷ್ಟು ಒಲೆಯ ಮಸಿ ಬೆರೆಸಿದ. ಬಿರುಕಿಗೆ ಕೈ ಹಾಕಿದ ಐದನೆಯ ದಿನ ಹೆಂಡತಿಯನ್ನು ಕರೆದು "ಎಲ್ಲಿದೆ ಹೇಳು" ಎಂದ.

ಅವಳು ಗೋಡೆಯನ್ನು ಕೈಯಿಂದ ಸವರಿದಳು. ಬಹಳ ಹೊತ್ತು ಸವರಿದಳು.

"ಇಷ್ಟು ಬರ್ತಿತ್ತಾ ನಿಮಗೆ?" ಎಂದಳು. "ಮತ್ತೆ ಮೊದಲೇ ಯಾಕ್ರೀ ಮಾಡ್ಲಿಲ್ಲ?"

ಪಾಲಿಶಪ್ಪ ಬೀರುವನ್ನು ಮೊದಲಿದ್ದ ಜಾಗಕ್ಕೇ ತಳ್ಳಿದ.

ಪರೀಕ್ಷೆಗೆ ಬಂದದ್ದು ತಲೆಗೆ ಹಳದಿ ಟೋಪಿ ಹಾಕಿದ್ದ ತರುಣಿ ಎಂಜಿನಿಯರ್. ಕೈಯಲ್ಲಿ ಪುಟ್ಟ ಸುತ್ತಿಗೆ. ವೈದ್ಯರು ಎದೆ ತಟ್ಟಿ ಕೇಳುವಂತೆ ಗೋಡೆ ತಟ್ಟಿ ಕೇಳುತ್ತ ಮನೆಯೆಲ್ಲ ಸುತ್ತಿದಳು. ಪಾಲಿಶಪ್ಪ ಹಿಂದಿನಿಂದ ಎಡೆಬಿಡದೆ ಹೊಗಳುತ್ತ ನಡೆದ: "ಹಳೆ ಕಾಲದ ಕಟ್ಟಡ ಮೇಡಂ. ಆನೆ ಒರಗಿದ್ರೂ ಅಲ್ಲಾಡಲ್ಲ."

"ಆಶ್ಚರ್ಯ," ಎಂದಳು ಆಕೆ. "ಪಕ್ಕದ ಮನೆಗಳೆಲ್ಲ ಬಾಯಿ ಬಿಟ್ಟಿವೆ. ಅಮ್ಮಾ, ಮನೆಯಲ್ಲಿ ಹೆಚ್ಚು ಹೊತ್ತು ಇರೋರು ನೀವು. ಸೋರೋದು, ಬಿರುಕು, ಏನಾದ್ರೂ ತೊಂದರೆ ಇದೆಯಾ? ಇದ್ದರೆ ಹೇಳಿ, ಬರ್ಕೋತೀನಿ."

ಮೂವತ್ತೊಂದು ವರ್ಷದಿಂದ ಆ ಹೆಂಗಸು ಕಾಯುತ್ತಿದ್ದದ್ದು ಈ ಒಂದು ಪ್ರಶ್ನೆಗೆ. ಅವಳು ಬೀರುವನ್ನು ನೋಡಿದಳು. ಉಗುರಿನ ಸಂದಿಯಲ್ಲಿ ಇನ್ನೂ ಸಿಮೆಂಟು ಉಳಿದಿದ್ದ ಗಂಡನ ಕೈ ನೋಡಿದಳು.

"ಏನೂ ಇಲ್ಲಮ್ಮ," ಎಂದಳು.

"ಹಾಗಾದ್ರೆ ಇಬ್ಬರೂ ಇಲ್ಲೊಂದು ಸಹಿ ಹಾಕಿ."

ಆ ದಿನ ಪಾಲಿಶಪ್ಪ ತನ್ನ ದಾಂಪತ್ಯವೇ ಮೂರು ಕೈ ಪಾಲಿಶ್ ಹೊಡೆಸಿಕೊಂಡಂತೆ ಬೀಗಿದ. ಓಣಿಯ ಇಪ್ಪತ್ತಮೂರು ಬಾಗಿಲಿಗೆ ಕೆಂಪು ಕತ್ತರಿ ಗುರುತು ಬಿತ್ತು. ಇವನೊಬ್ಬನ ಬಾಗಿಲಿಗೆ ಹಸಿರು ಸೊನ್ನೆ. ಹೊರಗೆ ಕುರ್ಚಿ ಹಾಕಿಕೊಂಡು ಸೊನ್ನೆಯ ಕೆಳಗೇ ಕುಳಿತ. ಹೋಗಿಬರುವವರಿಗೆಲ್ಲ ಸಂತಾಪ ಸೂಚಿಸಿದ. ದರ್ಜಿಗಂತೂ, "ತಮ್ಮಾ, ಎಲ್ಲೂ ಜಾಗ ಸಿಗದಿದ್ರೆ ಯಂತ್ರ ನನ್ನ ಅಂಗಡೀಲಿ ಇಟ್ಕೋ" ಎಂದೂ ಹೇಳಿಬಿಟ್ಟ.

ಮುಂದಿನ ವಾರ ಮನೆಮನೆಗೆ ಕಾಗದ ಬಂತು. ದರ್ಜಿ ತನ್ನದನ್ನು ಓದಿ, ನಂಬದೆ, ಪಾಲಿಶಪ್ಪನ ಕೈಯಲ್ಲಿ ಮತ್ತೊಮ್ಮೆ ಓದಿಸಿದ. ಕೆಂಪು ಗುರುತಿನ ಮನೆಗಳ ಬಾಡಿಗೆದಾರರಿಗೆ, ಇದೇ ಜಾಗದಲ್ಲಿ ಏಳುವ ಹೊಸ ಕಟ್ಟಡದಲ್ಲಿ ತಲಾ ಎರಡು ಕೋಣೆಯ ಮನೆ, ಅವರ ಹೆಸರಿಗೇ. ಕಟ್ಟಿ ಮುಗಿಯುವವರೆಗೆ ಇರಲು ಬೇರೆ ಜಾಗ. ಹಸಿರು ಗುರುತಿನವು ಗಟ್ಟಿಮುಟ್ಟಾದ ಮನೆಗಳಾದ್ದರಿಂದ ಯೋಜನೆಗೆ ಸೇರಿಲ್ಲ. ಅವುಗಳನ್ನು ಏನು ಬೇಕಾದರೂ ಮಾಡಲು ಮಾಲೀಕರು ಸ್ವತಂತ್ರರು.

"ಬಿಸಿಲು ಬರೋ ಕಡೆ ಕೇಳ್ಬೇಕು ಅಂತಿದೀನಿ," ಎಂದ ದರ್ಜಿ. "ನಿಮಗೇನು ಬಂತಣ್ಣ?"

ಪಾಲಿಶಪ್ಪ ತನ್ನ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ. ಅದರಲ್ಲಿ ಅವನ ಮನೆಯ ಉತ್ತಮ ನಿರ್ವಹಣೆಗಾಗಿ ಅಭಿನಂದನೆ ಇತ್ತು.

ಮರುದಿನ ಬೆಳಿಗ್ಗೆ ಆಫೀಸಿನ ಬಾಗಿಲು ತೆರೆಯುವ ಮೊದಲೇ ಗಂಡ ಹೆಂಡತಿ ಅಲ್ಲಿದ್ದರು. ಮರುಪರೀಕ್ಷೆಗೆ ಅರ್ಜಿ. ಹಳದಿ ಟೋಪಿಯ ಎಂಜಿನಿಯರ್ ಒಳ್ಳೆಯವಳು, ಅದೇ ಮಧ್ಯಾಹ್ನ ಬಂದಳು. ಪಾಲಿಶಪ್ಪ ಬೀರುವನ್ನು ಎಳೆದು ಪಕ್ಕಕ್ಕಿಟ್ಟು, ನಾಟಕದ ಪರದೆ ಸರಿಸಿದವನಂತೆ ಕೈ ಚಾಚಿದ.

"ನೋಡಿ ಮೇಡಂ, ಭಯಂಕರ ಬಿರುಕು."

ಗೋಡೆ ಹಾಲಿನ ಕೆನೆಯಂತೆ ನುಣ್ಣಗಿತ್ತು.

"ಎಲ್ಲಿ?"

"ಇಲ್ಲೇ." ಉಳಿಯಿಂದ ಕೆರೆದ. ಗಟ್ಟಿ ಗಾರೆ. "ಅಲ್ಲ, ಇಲ್ಲಿ." ಅಲ್ಲೂ ಗಟ್ಟಿ.

"ಎಡಕ್ಕೆ ರೀ," ಎಂದಳು ಹೆಂಡತಿ.

"ಎಡಕ್ಕಲ್ಲ, ಬಲಕ್ಕೆ. ತುಂಬಿದೋನು ನಾನು."

"ನೋಡ್ತಾ ಕೂತೋಳು ನಾನು. ಎಡಕ್ಕೆ."

"ಸುಮ್ನಿರೇ. ಮೇಡಂ, ಒಂದೇ ನಿಮಿಷ."

ಮೂರು ಕಡೆ ಕೆರೆದ, ನಾಲ್ಕನೆಯ ಕಡೆ ಅಗೆದ. ಅವನ ಅಂಟು, ಅವನ ಪುಡಿ, ಅವನ ಮೂವತ್ತು ವರ್ಷದ ಕೈಚಳಕ ಗೋಡೆಗಿಂತ ಗಟ್ಟಿಯಾಗಿ ಕುಳಿತಿತ್ತು. ಎಂಜಿನಿಯರ್ ಸುತ್ತಿಗೆಯಿಂದ ತಟ್ಟಿದಳು. ಗೋಡೆ ದೃಢಕಾಯನಾದ ಯುವಕನಂತೆ ಉತ್ತರ ಕೊಟ್ಟಿತು.

"ಯಜಮಾನ್ರೇ," ಎಂದಳು ಮೆಲ್ಲಗೆ, "ಈ ಗೋಡೆಗೆ ಇರೋ ಗಾಯ ಎಲ್ಲ ನೀವು ಈಗ ಮಾಡಿದ್ದು. ತೊಂದರೆ ಇಲ್ಲ ಅಂತ ಅಮ್ಮನೇ ಹೇಳಿದ್ರು, ಸಹಿನೂ ಇದೆ. ನಾನೇನು ಬರೀಲಿ?"

ಅವಳು ಹೋದಮೇಲೆ ಪಾಲಿಶಪ್ಪ ಗಾರೆಯ ಧೂಳಿನಲ್ಲೇ ಕುಳಿತ. ಬೈಗುಳಕ್ಕೆ ಕಾಯುತ್ತಿದ್ದ. ಬರಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ಅವತ್ತು ನೀನಾದ್ರೂ ಹೇಳಿಬಿಡಬಹುದಿತ್ತು," ಎಂದ.

"ಹೇಳೋಣ ಅಂತಲೇ ಇದ್ದೆ. ಹದಿನಾರು ದಿನ ಬೆನ್ನು ನೆಟ್ಟಗೆ ಮಾಡ್ದೆ ದುಡಿದಿದ್ರಿ. ಹೊರಗಿನೋಳ ಮುಂದೆ ನಿಮ್ಮನ್ನ ಬಿಟ್ಟುಕೊಡೋಕೆ ಮನಸ್ಸು ಬರಲಿಲ್ಲ." ಪೊರಕೆ ತಂದು ಧೂಳು ಒಟ್ಟುಮಾಡತೊಡಗಿದಳು. "ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಸಲ ನಿಮ್ಮ ಮಾತಿಗೆ ಹೂಂ ಅಂದೆ. ನೋಡಿ."

ಹನ್ನೊಂದು ವರ್ಷ ಮರೆತಿದ್ದ ಮಾಲೀಕನಿಗೆ ಹಸಿರು ಸೊನ್ನೆಯ ಸುದ್ದಿ ಮುಟ್ಟಿತು. ಆತ ಬಂದ, ಮೊದಲು ಸೂರು ನೋಡಿದ, ನಂತರವೇ ಒಳಗೆ ಕಾಲಿಟ್ಟ. ಮನೆಯನ್ನು ಹೀಗೆ ನೋಡಿಕೊಂಡದ್ದಕ್ಕೆ ಪಾಲಿಶಪ್ಪನ ಎರಡೂ ಕೈ ಹಿಡಿದು ಕೃತಜ್ಞತೆ ಹೇಳಿದ. ಕಣ್ಣಲ್ಲಿ ನೀರಿತ್ತು. ತಿಂಗಳು ತುಂಬುವುದರೊಳಗೆ ಗಡ್ಡದ ಯುವಕನೊಬ್ಬನಿಗೆ ಕಾಫಿ ಅಂಗಡಿಗೆಂದು ಮಾರಿದ, ಅದೇ ಕೃತಜ್ಞತೆಯಿಂದ ಇವರಿಗೆ ಖಾಲಿ ಮಾಡಲು ಎರಡು ವಾರ ಹೆಚ್ಚು ಕೊಟ್ಟ.

ಓಣಿಯವರು ಒಂದೇ ಲಾರಿಯಲ್ಲಿ, ಜಾತ್ರೆಗೆ ಹೊರಟವರಂತೆ ಕೂಗಾಡುತ್ತ ಹೋದರು. ದರ್ಜಿ ಮಾತ್ರ ಲಾರಿ ಹತ್ತುವ ಮೊದಲು ಬಂದು ಪಾಲಿಶಪ್ಪನ ತೋಳಿನ ಅಳತೆ ತೆಗೆದುಕೊಂಡ. "ಒಂದು ಅಂಗಿ ಹೊಲಿದು ಕಳಿಸ್ತೀನಿ ಅಣ್ಣ," ಎಂದ. ಎಲ್ಲಿಗೆ ಕಳಿಸುವುದೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಗಂಡ ಹೆಂಡತಿಗೆ ಸಿಕ್ಕಿದ್ದು ಊರಿನ ಕೊನೆಯ ಬಸ್ಸು ನಿಲ್ಲುವ ಕಡೆ, ಮೂರನೆಯ ಮಹಡಿಯ ಒಂದು ಕೋಣೆ. ಹೊಸ ಕಟ್ಟಡ, ನಾಲ್ಕೂ ಗೋಡೆ ಸಾಫು. ಹೆಂಡತಿಗೆ ಮೊದಲ ದಿನ ಆ ಗೋಡೆಗಳ ಜೊತೆ ಏನು ಮಾತಾಡಬೇಕೆಂದೇ ತಿಳಿಯಲಿಲ್ಲ. ಬೀರು ಮೆಟ್ಟಿಲು ಹತ್ತಲಿಲ್ಲ. ಕಾಫಿ ಅಂಗಡಿಯ ಗಡ್ಡದವನೇ ಅದನ್ನು ಕೊಂಡ, ಆದರೆ ಒಂದು ಷರತ್ತಿನ ಮೇಲೆ.

"ಪಾಲಿಶ್ ಎಲ್ಲ ಕೆರೆದು ತೆಗೆದು ಕೊಡಿ ಅಂಕಲ್. ಹಳೇದು ಹಳೇದರ ಥರ ಕಾಣಬೇಕು."

ಜೀವಮಾನದಲ್ಲಿ ಹಚ್ಚಿದ್ದನ್ನು ಕೆರೆಯುವ ಕೆಲಸ ಪಾಲಿಶಪ್ಪನಿಗೆ ಇದೇ ಮೊದಲು. ಮೆಟ್ಟಿಲ ಕೆಳಗೇ ಇಟ್ಟುಕೊಂಡು ನಾಲ್ಕು ದಿನ ಕೆರೆದ. ಬೀರುವಿನ ಒಳಗಿನ ಈರುಳ್ಳಿಯ ವಾಸನೆ ಮಾತ್ರ ಹೋಗಲಿಲ್ಲ.

ಅದನ್ನು ಒಪ್ಪಿಸಲು ಹೋದಾಗ ಅವರ ಹಳೆಯ ಅಡುಗೆಮನೆಯಲ್ಲಿ ಒಲೆಯಿರಲಿಲ್ಲ. ಮೂರು ಸಣ್ಣ ಮೇಜುಗಳಿದ್ದವು. ನೆಲದಲ್ಲಿ ಬೀರುವಿನ ನಾಲ್ಕು ಕಾಲಿನ ಗುಳಿ ಹಾಗೇ ಇತ್ತು. ಕೂಲಿಯವರಿಗೆ ಹೇಳಿ, ಅಭ್ಯಾಸಬಲದಿಂದ ಕಾಲುಗಳನ್ನು ಅದೇ ಗುಳಿಗಳಿಗೆ ಸರಿಯಾಗಿ ಇಳಿಸಿದ.

"ಅಲ್ಲಿ ಬೇಡ, ಅಲ್ಲಿ ಬೇಡ," ಎಂದು ಸ್ಟೂಲಿನ ಮೇಲಿಂದ ಒಬ್ಬ ಇಳಿದುಬಂದ. ಕೈಯಲ್ಲಿ ಸಣ್ಣ ಕುಂಚ, ಬೂದುಬಣ್ಣದ ಡಬ್ಬಿ. "ಕಿಟಕಿ ಪಕ್ಕ ಇಡಿ. ಇಲ್ಲಿಟ್ರೆ ನನ್ನ ಕೆಲಸ ಮುಚ್ಚಿಹೋಗುತ್ತೆ."

"ಏನು ಕೆಲಸ?"

"ಬಿರುಕು ಬರೀತಿದೀನಿ. ಕೆರೆದಿದ್ದ ಕಡೆಯೆಲ್ಲ ಗಾರೆ ಮೆತ್ತಿಸಿದ ಮೇಲೆ ಗೋಡೆ ತುಂಬ ನುಣುಪಾಗಿದೆ, ಹಳೆ ಓಣಿ ಅನ್ನೋ ಕಳೆನೇ ಇಲ್ಲ ಅಂತ ಓನರ್ ಬೇಜಾರು ಮಾಡ್ಕೊಂಡಿದ್ರು."

ಪಾಲಿಶಪ್ಪ ಸೂರಿನ ಕಡೆ ನೋಡಿದ. ತೆಳ್ಳನೆಯ ಬೂದು ಗೆರೆಯೊಂದು ಸೊಗಸಾಗಿ ಬಳುಕುತ್ತ ಇಳಿಯುತ್ತಿತ್ತು. ಅವನೇ ಬೀರುವನ್ನು ಎಳೆದು ಕಿಟಕಿಯ ಪಕ್ಕ ಇಟ್ಟ.

ಬಸ್ಸು ಇಳಿದು ಮೂರು ಮಹಡಿ ಹತ್ತಿ ಬಂದವನಿಗೆ ಹೆಂಡತಿ ನೀರು ಕೊಟ್ಟಳು. "ಬೀರು ಎಲ್ಲಿಟ್ರು?"

"ಕಿಟಕಿ ಪಕ್ಕ."

"ಮತ್ತೆ ಆ ಗೋಡೆಗೆ?"

"ಬಿರುಕು ಬರೀತಿದಾರೆ."

ಅವಳು ನಗಲಿಲ್ಲ. ಲೋಟ ವಾಪಸು ತೆಗೆದುಕೊಂಡಳು.

"ಎಷ್ಟು ದೊಡ್ಡದಿದೆ?"

"ಈಗಿನ್ನೂ ಶುರು. ಒಂದು ಕ್ಯಾಲೆಂಡರ್ ಹಾಕಿದ್ರೆ ಮುಚ್ಚಿಹೋಗುತ್ತೆ."

"ಇನ್ನೂ ಚಿಕ್ಕದು, ಪಾಪ," ಎಂದಳು ಹೆಂಡತಿ. "ಬೆಳೆಯುತ್ತೆ ಬಿಡಿ."