ನೀಲಕಂಠಪ್ಪನವರ ಮಾತಿನ ವೇಗ

ಚಂದಮ್ಮನ ಅಪ್ಪಣೆಯಿಲ್ಲದೆ ಶರಣಸಿರಸಗಿಯ ಆ ಮನೆಗೆ ಒಂದು ಜರಡಿ ಕೂಡ ಹೊಸದಾಗಿ ಬಂದದ್ದಿಲ್ಲ. ಕೂಲರ್ ಬಂದಾಗ ಅದರ ಗಾಳಿಗೆ ಹಪ್ಪಳ ಒಡ್ಡಿ ನೋಡಿದ್ದಳು. ಮಿಕ್ಸರ್ ಬಂದಾಗ ಶೇಂಗಾ ಚಟ್ನಿಹಿಂಡಿ ಮಾಡಿಸಿ, ತಿಂದು, ಎರಡು ದಿನ ಯೋಚಿಸಿ "ಇರಲಿ" ಅಂದಿದ್ದಳು. ಹೀಗಿರುವಾಗ ಸೊಸೆ ವಿದ್ಯಾವತಿ ಕಂಪ್ಯೂಟರಿಗೆ ಎಸ್‌ಎಸ್‌ಡಿ ಎಂಬ ಹೊಸ ಡಿಸ್ಕು ಹಾಕಿಸಬೇಕು ಅಂದಾಗ, ಮೂರನೇ ಇಯತ್ತೆಗೆ ಶಾಲೆ ಬಿಟ್ಟ ಚಂದಮ್ಮ ಸೆರಗು ಬಿಗಿದು ಸಾರಿದಳು:

"ನಾ ನೋಡಿ ಹೇಳ್ತೀನಿ. ಬೇಕೋ ಬ್ಯಾಡೋ ಅನ್ನೂದು ನನಗ ಬಿಡು."

ಮಗ ಮೌನೇಶ ಹೆಸರಿಗೆ ತಕ್ಕಂತೆ ಇದ್ದ.

ವಿದ್ಯಾವತಿ ಮನೆಯಲ್ಲೇ ಕೂತು ಲಗ್ನಪತ್ರಿಕೆ ಮಾಡಿಕೊಡುವವಳು. ಬೆಳಿಗ್ಗೆ ಗುಂಡಿ ಒತ್ತಿದರೆ ಕಂಪ್ಯೂಟರ್ ಕಣ್ಣು ಬಿಡುವಷ್ಟರಲ್ಲಿ ಚಂದಮ್ಮನ ಹಂಚಿನಿಂದ ನಾಲ್ಕು ಜೋಳದ ರೊಟ್ಟಿ ಇಳಿಯುತ್ತಿದ್ದವು. ಅದು ನಿಧಾನ ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ರಿಪೇರಿಯ ಶಿವಶರಣ ಬಂದು ಬಿಡಿಸಿ ಹೇಳಿದ.

"ಹಳೇ ಡಿಸ್ಕಿನ್ಯಾಗ ಒಂದು ತಾಟು ತಿರಗ್ತದರೀ ಯಮ್ಮಾ. ಬೇಕಾದ್ದು ಹುಡುಕೂದ್ರಾಗ ಹೊತ್ತು ಹೋಗ್ತದ. ಹೊಸಾದ್ರಾಗ ತಿರಗೂದೇ ಇಲ್ಲ. ಕೇಳಿದ್ದು ತಟ್ನೆ ಕೈಗೆ ಬರ್ತದ."

"ಅಂದ್ರ ಎಲ್ಲಾ ಜೋರ್ ಆಗ್ತದ?"

"ಬರೋಬ್ಬರಿ. ಎಲ್ಲಾ ಜೋರ್."

ಆ ಮಾತಿಗೆ ಚಂದಮ್ಮ ಕಂಪ್ಯೂಟರಿಗೆ ಅಡ್ಡ ಬಂದು ನಿಂತಳು. ಯಾಕೆಂದರೆ ಆ ಕಂಪ್ಯೂಟರಿನಲ್ಲಿ ಅವಳ ಗಂಡ ನೀಲಕಂಠಪ್ಪನವರಿದ್ದರು. ಅವರು ತೀರಿಹೋಗಿ ಆರು ವರ್ಷ. ಗೃಹಪ್ರವೇಶದ ದಿನ ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೊ ಒಂದರಲ್ಲಿ ಮಾತ್ರ ಅವರ ದನಿ ಉಳಿದಿತ್ತು. ನೀಲಕಂಠಪ್ಪ ಸಾವಧಾನದ ಮನುಷ್ಯ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಎಲೆಗೆ ಸುಣ್ಣ ಹಚ್ಚಿ, ಮಡಚಿ, ಬಾಯಿಗಿಡುವಷ್ಟು ಬಿಡುವು. ಸೋಮವಾರಕ್ಕೊಮ್ಮೆ ಸೊಸೆ ಅದನ್ನು ಹಚ್ಚಿದಾಗ ಚಂದಮ್ಮ ಮುಂದೆ ಕೂತು ಆ ಸಾವಧಾನವನ್ನೇ ಕೇಳುತ್ತಿದ್ದಳು. ಅವರೂ ಜೋರಾಗಿಬಿಟ್ಟರೆ?

"ಮಾವನೋರು ಜೋರ್ ಆಗಂಗಿಲ್ರಿ ಅತ್ತಿ," ವಿದ್ಯಾವತಿ ನಕ್ಕಳು. "ತೆರಕೊಳ್ಳೂದಷ್ಟೇ ಜಲ್ದಿ. ಅವರು ಹ್ಯಾಂಗಿದ್ರೋ ಹಂಗೇ ಇರ್ತಾರ."

"ನನಗ ಹೇಳಬ್ಯಾಡ. ತಾಜಸುಲ್ತಾನಪುರದಾಗ ನಮ್ಮಪ್ಪನ ಮನ್ಯಾಗ ಟೇಪ್ ರಿಕಾರ್ಡರ್ ಇತ್ತು. ಸೆಲ್ ಹಳೇದಿದ್ದಾಗ ಭಜನಿ ಮುತ್ಯಾ ಎಷ್ಟು ತಣ್ಣಗ ಹಾಡ್ತಿದ್ದ. ಹೊಸಾ ಸೆಲ್ ಹಾಕಿದ್ವಿ ನೋಡು, ಹಿಂದ ನಾಯಿ ಬೆನ್ನಹತ್ತಿದವರಂಗ ಓಡಿದ."

ಐವತ್ತು ವರ್ಷದ ಹಿಂದಿನ ಆ ಸೆಲ್ಲಿನ ಬಣ್ಣವೂ ಅವಳಿಗೆ ನೆನಪಿತ್ತು. ಇಂಥ ಸಾಕ್ಷಿಯ ಮುಂದೆ ಸೊಸೆಯ ವಾದ ನಿಲ್ಲಲಿಲ್ಲ.

ಕಮಲಾಪುರದಲ್ಲಿ ಮಗಳ ಮನೆ. ಅಲ್ಲಿ ಮೊಮ್ಮಗಳು ಐಶ್ವರ್ಯಾಳ ಕಂಪ್ಯೂಟರಿಗೆ ಆಗಲೇ ಹೊಸ ಡಿಸ್ಕು ಬಂದಿತ್ತು. ಅಲ್ಲಿ ಪರೀಕ್ಷಿಸುವುದೆಂದು ಠರಾವಾಯಿತು. ಗಂಡನನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು, ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಚಂದಮ್ಮ ಕಲಬುರಗಿ ನಿಲ್ದಾಣದಲ್ಲಿ ಬಸ್ಸು ಹತ್ತಿದಳು. ಬದುಕಿದ್ದಾಗ ನೀಲಕಂಠಪ್ಪ ಕಿಟಕಿಯ ಸೀಟು ಬಿಟ್ಟುಕೊಟ್ಟವರಲ್ಲ. ಈ ಸಲ ಕಿಟಕಿ ಅವಳದಾಯಿತು.

ಕಮಲಾಪುರದ ಕಂಪ್ಯೂಟರ್ ಅರ್ಧ ರೊಟ್ಟಿ ಬೇಯುವಷ್ಟರಲ್ಲಿ ತಯಾರಾಯಿತು. ಐಶ್ವರ್ಯಾ ವಿಡಿಯೊ ಹಚ್ಚಿ, "ನೋಡಕೋತ ಕೂಡ್ರು ಆಯಿ, ಚಹಾ ತರ್ತೀನಿ" ಎಂದು ಒಳಗೆ ಹೋದಳು.

ನೀಲಕಂಠಪ್ಪ ಬಂದರು. ಬಂದವರೇ ಓಡಿದರು. ಕೈಗಳು ನೊಣ ಹೊಡೆಯುವಂತೆ ಆಡಿದವು. ಹೊರಟ ಬಸ್ಸಿನ ಕಂಡಕ್ಟರ್ ಊರುಗಳ ಹೆಸರು ಕೂಗುವ ಹಾಗೆ ಮಾತು ಉದುರಿದವು. ನಡುವೆ "ಚಂದಮ್ಮ" ಅಂದರೋ, ಸೀನಿದರೋ, ಅವಳಿಗೆ ತಿಳಿಯಲಿಲ್ಲ. ಚಂದಮ್ಮ ಮುಳ್ಳು ಕಿತ್ತಂತೆ ಪೆನ್ ಡ್ರೈವ್ ಕಿತ್ತು ಹೊರಟೇಬಿಟ್ಟಳು. ಮಗಳು ಬಾಗಿಲಲ್ಲಿ ಹಿಡಿದ ಕೆಂಪು ಬಾಳೆಹಣ್ಣನ್ನೂ ಮುಟ್ಟಲಿಲ್ಲ. ಚಹಾ ತಂದ ಐಶ್ವರ್ಯಾಳಿಗೆ ಸಿಕ್ಕಿದ್ದು ಖಾಲಿ ಕುರ್ಚಿ.

ಮನೆಗೆ ಬಂದು ನೋಡಿದರೆ ಶಿವಶರಣ ಕೊನೆಯ ಸ್ಕ್ರೂ ಬಿಗಿಯುತ್ತಿದ್ದ. ಹಳೆ ಡಿಸ್ಕು ಮೇಜಿನ ಮೇಲೆ ಅನಾಥವಾಗಿ ಮಲಗಿತ್ತು. ಕೆಲಸದ ಅವಸರಕ್ಕೆ ಸೊಸೆ ಅತ್ತೆಯ ತೀರ್ಪಿಗೆ ಕಾಯದೆ ಅವನನ್ನು ಕರೆಸಿದ್ದಳು.

"ತೆಗಿ ಅದನ್ನ. ಈಗಿಂದೀಗ ತೆಗಿ."

"ಅತ್ತಿ, ಸಂಜಿಗೆ ದೌಲಪ್ಪನೋರ ಮಗಳ ಪತ್ರಿಕಾ ಕೊಡಬೇಕು. ಹಳೇದ್ರಾಗ ಆಗೂದಿಲ್ಲ."

"ದೌಲಪ್ಪಗ ಕೈಲೇ ಬರ್ಕೊಂಡು ಹಂಚು ಅಂತ ಹೇಳು. ನನ್ನ ಗಂಡ ಅಲ್ಲಿ ಹಾಳಾಗಿ ಹೋಗ್ಯಾರ. ನಾಲ್ಕು ಮಾತು ಆಡೂದ್ರಾಗ ದಮ್ಮು ಹತ್ತಿತ್ತು ಅವರಿಗೆ." ಅವಳ ಕಣ್ಣು ತುಂಬಿದವು.

ಶಿವಶರಣ ಸ್ಕ್ರೂಡ್ರೈವರ್ ಕೆಳಗಿಟ್ಟ. "ಅವರನ್ನ ಇದ್ರಾಗೂ ಹಾಕೀನ್ರಿ ಯಮ್ಮಾ. ಒಮ್ಮೆ ನೋಡ್ರಿ. ಕೆಟ್ಟಿದ್ರ ನಾನೇ ತೆಗೀತೀನಿ."

ಚಂದಮ್ಮ ಮುಖದ ಮೇಲೆ ಸೆರಗೆಳೆದುಕೊಂಡು ಗೋಡೆಗೆ ತಿರುಗಿ ಕೂತಳು. ವಿದ್ಯಾವತಿ ವಿಡಿಯೊ ಹಚ್ಚಿದಳು.

"ಈ ಬಾಗಲ ಚೌಕಟ್ಟು ಅದಲ್ಲಾ," ಅಂದಿತು ದನಿ. ಆಮೇಲೆ ಸುಮ್ಮನಾಯಿತು. ಎಲೆಗೆ ಸುಣ್ಣ ಹಚ್ಚಿ ಮಡಚುವಷ್ಟು ಹೊತ್ತು. "ಇದಕ್ಕೊಂದು ಕಥಿ ಅದ."

ಸೆರಗು ಕೆಳಗೆ ಬಂತು. ಅದೇ ಮನುಷ್ಯ, ಅದೇ ಸಾವಧಾನ.

ಕಮಲಾಪುರಕ್ಕೆ ಫೋನು ಹಚ್ಚಿದರು. ಐಶ್ವರ್ಯಾ ಎಲ್ಲ ಕೇಳಿ ನಾಲಿಗೆ ಕಚ್ಚಿಕೊಂಡಳು. "ಪರೀಕ್ಷಾ ಹತ್ರ ಬಂದದಂತ ನಾ ಪಾಠ ಎಲ್ಲಾ ಎರಡು ಪಟ್ಟು ಜೋರ್ ಇಟ್ಟು ಕೇಳ್ತೀನಿ ಆಯಿ. ತಿರುಗಿ ಮೊದಲಿನಂಗ ಇಡೂದು ಮರ್ತಿದ್ದೆ. ಅದು ಡಿಸ್ಕಿಂದಲ್ಲ, ಒಂದು ಗುಂಡಿ ಅಷ್ಟೇ."

ಚಂದಮ್ಮನ ಎದೆಯ ಮೇಲಿಂದ ಒರಳುಕಲ್ಲು ಇಳಿದಂತಾಯಿತು. ಶಿವಶರಣನಿಗೆ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ, ಎಲ್ಲವನ್ನೂ ತಾನೇ ಕಂಡುಹಿಡಿದವಳಂತೆ ತೀರ್ಪು ಕೊಟ್ಟಳು. "ಛಲೋ ಅದ. ಇರಲಿ."

ದೌಲಪ್ಪನ ಮಗಳ ಪತ್ರಿಕೆ ದೀಪ ಹಚ್ಚುವ ಮೊದಲೇ ಮುಗಿಯಿತು. ಆಮೇಲೆ ಚಂದಮ್ಮ ಗಂಡನನ್ನು ಪೂರ್ತಿ ನೋಡುತ್ತೇನೆಂದು ಚಾಪೆ ಹಾಸಿ ಕೂತಳು. ಹಳೆ ಡಿಸ್ಕಿನಲ್ಲಿ ವಿಡಿಯೊ ನಾಲ್ಕು ನಿಮಿಷಕ್ಕೆ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಹೊಸದರಲ್ಲಿ ನಿಲ್ಲಲಿಲ್ಲ. ಕಥೆಯಲ್ಲಿ ನೀಲಕಂಠಪ್ಪ ಚೌಕಟ್ಟು ತರಲು ಹೊರಟರು. ದಾರಿಯಲ್ಲಿ ಚಹಾ ಕುಡಿದರು. ಚಹಾದಂಗಡಿಯವನ ತಮ್ಮನ ಮೊಣಕಾಲು ನೋವು ವಿಚಾರಿಸಿದರು. ಆ ತಮ್ಮನ ಬೀಗರು ಯಾವೂರಿನವರೆಂದು ನೆನಪಿಸಿಕೊಳ್ಳುತ್ತ ಸುಮ್ಮನಾದರು. ಹದಿನೆಂಟು ನಿಮಿಷವಾದರೂ ಕಟ್ಟಿಗೆ ಅಂಗಡಿ ಬರಲಿಲ್ಲ.

ಚಂದಮ್ಮ ಕಾಲು ಬದಲಿಸಿದಳು. ಆಕಳಿಸಿದಳು. ಒಲೆಯ ಕಡೆ ನೋಡಿದಳು. ಕಡೆಗೆ ಸೊಸೆಯ ಕಿವಿಯ ಹತ್ತಿರ ಸರಿದಳು.

"ವಿದ್ಯಾ, ಆ ಎರಡು ಪಟ್ಟಿನ ಗುಂಡಿ ನಮ್ಮದ್ರಾಗೂ ಅದೇನು?"

"ಅದ ರೀ. ಯಾಕ್ರಿ ಅತ್ತಿ? ಮಧ್ಯಾಹ್ನ ಮಾವನೋರಿಗೆ ದಮ್ಮು ಹತ್ತಿತ್ತಂತ ಅಳಾಕತ್ತಿದ್ರಿ."

"ಒತ್ತು ಸುಮ್ಮ," ಅಂದಳು ಚಂದಮ್ಮ. "ಅವರು ಇದ್ದಾಗ ಎಲ್ಲಿತ್ತವ್ವಾ ಈ ಗುಂಡಿ?"